ಮಳೆಹನಿಯೂ ಪರದೆಗೆ ಬೆರಳೇ

ಮಳೆಯಲ್ಲಿ ಹೊಸ ಫೋನಿನ ಪರದೆ ತಾನಾಗಿಯೇ ಒತ್ತಿಕೊಳ್ಳುತ್ತದೆ, ದೂಳು-ನೀರು ತಡೆಯುವ ಐಪಿ68 ದರ್ಜೆ ಇರುವುದರಿಂದ ಮಲ್ಪೆಯ ಕಡಲಿಗೆ ಇಳಿಸಬಹುದೇ ಎಂದು ಕೇಳಿದ್ದೀರಿ. ಪರದೆ ಕೆಟ್ಟಿಲ್ಲ. ಅದು ಗುರುತಿಸುವುದು ಬೆರಳಿನ ಒತ್ತಡವನ್ನಲ್ಲ, ಬೆರಳು ತಾಗಿದಾಗ ವಿದ್ಯುತ್ ಕ್ಷೇತ್ರದಲ್ಲಾಗುವ ಬದಲಾವಣೆಯನ್ನು. ನೀರೂ ಅದೇ ಬದಲಾವಣೆ ತರುತ್ತದೆ. ಕಳೆದ ಆಟಿ ತಿಂಗಳ ಮಳೆಯಲ್ಲಿ ನನ್ನ ಫೋನ್ ಒದ್ದೆ ಜೇಬಿನೊಳಗಿಂದಲೇ ಅತ್ತೆಗೆ ಮೂರು ಸಲ ಕರೆ ಮಾಡಿತ್ತು! ಒರೆಸಿದರೆ ಸಾಕು.

ಕಡಲು ಮಾತ್ರ ಬೇಡವೇ ಬೇಡ. ಐಪಿ68ರಲ್ಲಿ 6 ಎಂದರೆ ದೂಳು ಒಳಹೋಗದು. 8 ಎಂದರೆ 1 ಮೀಟರಿಗಿಂತ ಹೆಚ್ಚು, ತಯಾರಕರು ಹೇಳಿದಷ್ಟು ಆಳದಲ್ಲಿ, ಅವರು ಹೇಳಿದಷ್ಟು ಹೊತ್ತು ನೀರು ನುಗ್ಗದು. ಆದರೆ ಆ ಪರೀಕ್ಷೆ ಸಿಹಿನೀರಿನದು. ಉಪ್ಪುನೀರು ಚಾರ್ಜಿಂಗ್ ಕಿಂಡಿಯ ಲೋಹವನ್ನೇ ತಿನ್ನುತ್ತದೆ. ತೋಯ್ದ ಫೋನಿಗೆ ಪೂರ್ತಿ ಒಣಗುವ ತನಕ ಚಾರ್ಜರ್ ಸಿಕ್ಕಿಸಬೇಡಿ.