ಸಂಪಾದಕರ ಉತ್ತರ: ಯುನಿಸೆಕ್ಸ್ ಚಡ್ಡಿ ತೊಡೆಯಲ್ಲಿ ಸುರುಳಿಯಾಗುವುದೇಕೆ?

ತೀರ್ಥಹಳ್ಳಿ ಕಡೆಯಿಂದ ಪತ್ರ ಬರೆದವರು ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು. ಪ್ಯಾಂಟಿಯ ಲೇಸು, ರಿಬ್ಬನ್ನು, ತೊಡೆಸಂದಿಯಲ್ಲಿ ಕೊರೆಯುವ ಎಲಾಸ್ಟಿಕ್ ಅವರಿಗೆ ಒಗ್ಗುವುದಿಲ್ಲ. ಸೊಂಟದ ಅಳತೆ ನೋಡಿ ಗಂಡಸರ ಟ್ರಂಕ್, ಅಂದರೆ ಗಿಡ್ಡ ಕಾಲಿರುವ ಒಳಚಡ್ಡಿ, ತಂದರು. ಮುಂದೆ ಬಟ್ಟೆ ಮುದ್ದೆಯಾಯಿತು, ತೋಟದಲ್ಲಿ ನಾಲ್ಕು ಸಲ ಬಗ್ಗಿ ಎದ್ದರೆ ಚಡ್ಡಿಯ ಕಾಲು ಮೇಲಕ್ಕೆ ಸರಿದು ಸುರುಳಿ ಸುತ್ತಿಕೊಂಡಿತು. ಆನ್‌ಲೈನಿನಲ್ಲಿ ‘ಯುನಿಸೆಕ್ಸ್’ (ಗಂಡು ಹೆಣ್ಣು ಇಬ್ಬರಿಗೂ ಆಗುವಂಥದ್ದು) ಎಂದಿದ್ದನ್ನು ತರಿಸಿದರೂ ಅದೇ ಪಾಡು. “ನನ್ನ ಮೈಯಲ್ಲೇ ಏನಾದರೂ ಐಬಿದೆಯೇ? ಕೊಳ್ಳುವಾಗ ಏನು ನೋಡಬೇಕು? ಊರಿನ ಟೈಲರ್ ಹತ್ತಿರ ಹೊಲಿಸಬಹುದೇ?” ಎಂದು ಕೇಳಿದ್ದಾರೆ. ಅಂಗಿ, ಪ್ಯಾಂಟಿನ ತೊಂದರೆಯನ್ನೂ ಮಳೆಗಾಲದಲ್ಲಿ ಒಣಗಿಸುವ ಪಜೀತಿಯನ್ನೂ ಬರೆದಿದ್ದಾರೆ.

ಐಬು ನಿಮ್ಮ ಮೈಯಲ್ಲಿಲ್ಲ, ಕಟಿಂಗಿನಲ್ಲಿದೆ. ಯುನಿಸೆಕ್ಸ್ ಎಂದು ಮಾರುವ ಬಹುಪಾಲು ಉಡುಪು ಗಂಡಸರ ಅಳತೆಯದೇ. ಬದಲಾಗಿರುವುದು ಚೀಟಿ ಮಾತ್ರ. ಪೃಷ್ಠದ ಅತಿ ದಪ್ಪ ಭಾಗದ ಸುತ್ತಳತೆಯನ್ನು ಟೈಲರುಗಳು ಸೀಟು ಎನ್ನುತ್ತಾರೆ. ಗಂಡಸರ ಉಡುಪಿನಲ್ಲಿ ಸೊಂಟಕ್ಕಿಂತ ಸೀಟು ಸುಮಾರು 4ರಿಂದ 6 ಇಂಚು ಹೆಚ್ಚಿರುತ್ತದೆ. ಹೆಂಗಸರ ಮೈಯಲ್ಲಿ ಆ ವ್ಯತ್ಯಾಸ 8-10 ಇಂಚು ಇರುವುದು ತೀರ ಸಾಮಾನ್ಯ. ಸೊಂಟ ನೋಡಿ ಕೊಂಡ ಟ್ರಂಕ್ ಸೀಟಿನ ಮೇಲೆ ವಿಪರೀತ ಹಿಗ್ಗುತ್ತದೆ. ಹೊಸೈರಿ, ಅಂದರೆ ಬನಿಯನ್ನಿನಂಥ ಹೆಣೆದ ಬಟ್ಟೆ, ಅಡ್ಡಕ್ಕೆ ಹಿಗ್ಗಿದಷ್ಟೂ ಉದ್ದಕ್ಕೆ ಕುಗ್ಗುವುದರಿಂದ, ಆ ಕೊರತೆಯನ್ನು ಕಾಲಿನ ಬಟ್ಟೆ ಎಳೆದುಕೊಂಡು ತುಂಬುತ್ತದೆ. ನಡೆಯುವಾಗ ತೊಡೆಗೆ ತೊಡೆ ಉಜ್ಜಿ ಅಂಚನ್ನು ಇನ್ನಷ್ಟು ಮೇಲೆ ತಳ್ಳುತ್ತದೆ. ತೊಡೆಯ ಬುಡದ ಮಡಿಕೆ ಸಿಕ್ಕಿತೋ, ಸುರುಳಿ ಅಲ್ಲೇ ನಿಲ್ಲುತ್ತದೆ.

ಹಾಗಾಗಿ ಸೊಂಟ ಮರೆತು ಸೀಟು ನೋಡಿ ಕೊಳ್ಳಿ. ಟ್ರಂಕನ್ನು ಎಳೆಯದೆ ಮೇಜಿನ ಮೇಲೆ ಹಾಸಿ ಅತಿ ಅಗಲವಾದ ಕಡೆ ಟೇಪು ಹಿಡಿದು, ಬಂದದ್ದನ್ನು ಎರಡರಿಂದ ಗುಣಿಸಿ. ನಿಮ್ಮ ಸೀಟು 40 ಇಂಚಾದರೆ ಅದು 36ರ ಆಸುಪಾಸು ಬರಬೇಕು. 33-34 ಬಂದರೆ ಮೇಲೇರುವುದು ಖಂಡಿತ. ತೊಡೆಯ ಬುಡ 23 ಇಂಚಿದ್ದರೆ ಕಾಲಿನ ಬಾಯಿ ಸುತ್ತಲೂ 20-21 ಇರಲಿ. ಕಾಲಿನ ಒಳಹೊಲಿಗೆಯ ಉದ್ದವನ್ನೂ ಅಳೆಯಿರಿ: ಒಂದೂವರೆ-ಎರಡು ಇಂಚಿನ ಕಾಲು ಸರಿಯಾಗಿ ಉಜ್ಜುವ ಜಾಗದಲ್ಲೇ ಮುಗಿಯುತ್ತದೆ, 5-6 ಇಂಚಿನದು ಅದನ್ನು ದಾಟಿ ಕೆಳಗೆ ಕೂರುತ್ತದೆ. ಗದ್ದೆ ನಾಟಿಗೆ, ತೋಟದ ಕೆಲಸಕ್ಕೆ ಉದ್ದ ಕಾಲಿನದೇ ವಾಸಿ.

ಆಮೇಲೆ ಒಳಗು ಹೊರಗು ಮಾಡಿ ಸಂದಿಯನ್ನು ನೋಡಿ. ಅಸಲು ವಿಷಯ ಇರುವುದು ಇಲ್ಲೇ. ಗಂಡಸರ ಟ್ರಂಕಿನಲ್ಲಿ ಮುಂದುಗಡೆ ಎರಡು ಬಾಗಿದ ತುಂಡು ಸೇರಿ ಚೀಲದಂತಾಗಿರುತ್ತದೆ. ಆ ಚೀಲದ ನಡುಹೊಲಿಗೆ ಕೆಳಗಿಳಿದು ಹಿಂದಿನ ಹೊಲಿಗೆಯನ್ನೂ ಎರಡೂ ಕಾಲಿನ ಹೊಲಿಗೆಗಳನ್ನೂ ಒಂದೇ ಬಿಂದುವಿನಲ್ಲಿ ಕೂಡುತ್ತದೆ. ಗಂಟಿನಂತೆ ಗಟ್ಟಿಯಾದ ಆ ಜಾಗ ಹೆಂಗಸರ ಮೈಯಲ್ಲಿ ಅತಿ ಮೆತ್ತನೆಯ ಕಡೆಗೇ ಒತ್ತುತ್ತದೆ. ಬೈಕಿನಲ್ಲಿ ಒಂದು ಗಂಟೆ ಕೂತರೆ ಉರಿ ಶುರು. ನಿಮಗೆ ಬೇಕಾದದ್ದು ಮುಂಭಾಗ ಚಪ್ಪಟೆಯಾಗಿದ್ದು, ಸಂದಿಯಲ್ಲಿ ಗಸೆಟ್ ಎನ್ನುವ ಪ್ರತ್ಯೇಕ ಪಟ್ಟಿ ಇರುವ ಚಡ್ಡಿ: ಅತಿ ಕಿರಿದಾದ ಕಡೆಯೂ ಎರಡೂವರೆ ಇಂಚು ಅಗಲ, 5-6 ಇಂಚು ಉದ್ದ, ಎರಡು ಪದರ, ಒಳಪದರ ಕಾಟನ್. ಗಸೆಟ್ಟಿದ್ದರೆ ಹೊಲಿಗೆಗಳು ನಡುವಿನಿಂದ ಪಕ್ಕಕ್ಕೆ ಸರಿಯುತ್ತವೆ. ಹಿಂಭಾಗದ ಎತ್ತರ ಮುಂಭಾಗಕ್ಕಿಂತ 2-3 ಇಂಚು ಹೆಚ್ಚಿರಬೇಕು. ಕುಕ್ಕರಗಾಲಲ್ಲಿ ಕೂತಾಗ ಸೊಂಟಪಟ್ಟಿ ಹಿಂದೆ ಕೆಳಗೆ ಜಾರುವುದು ಆ ಎತ್ತರ ಸಾಲದ್ದರಿಂದ, ಎಲಾಸ್ಟಿಕ್ ಸಡಿಲವಾಗಿ ಅಲ್ಲ. ಎಲಾಸ್ಟಿಕ್ ಬಿಗಿ ಮಾಡಿಸಿದರೆ ಹೊಟ್ಟೆ ಕೊರೆಯುತ್ತದೆ, ಜಾರುವುದು ನಿಲ್ಲುವುದಿಲ್ಲ.

ಒಳಉಡುಪನ್ನು ಸಾಮಾನ್ಯವಾಗಿ ವಾಪಸು ತೆಗೆದುಕೊಳ್ಳುವುದಿಲ್ಲವಾದ್ದರಿಂದ ಮೂರರ ಕಟ್ಟು ಬೇಡ. ಮೊದಲು ಒಂದೇ ಕೊಳ್ಳಿ, ಎರಡು ಸಲ ಒಗೆದು ನೋಡಿ.

ಹೊಲಿಸುವುದಂತೂ ಖಂಡಿತ ಆಗುತ್ತದೆ. ಆದರೆ ಬ್ಲೌಸ್ ಹೊಲಿಯುವ ಮಾಮೂಲು ಮೆಷಿನ್ನಿನಲ್ಲಿ ಅಲ್ಲ. ಅದರ ನೇರ ಹೊಲಿಗೆ ಬಟ್ಟೆಯ ಜೊತೆ ಹಿಗ್ಗುವುದಿಲ್ಲ. ಮೊದಲ ದಿನವೇ ಪಟಪಟನೆ ದಾರ ಕಿತ್ತು ಬರುತ್ತದೆ. ಸೀರೆಗೆ ಪಿಕೋ ಮಾಡಿಕೊಡುವ ಅಂಗಡಿಗೆ ಹೋಗಿ, ಅಲ್ಲಿರುವುದು ಜಿಗ್‌ಜಾಗ್ ಮೆಷಿನ್ನೇ. ಪಿಕೋದ ಒತ್ತು ಹೊಲಿಗೆಯನ್ನು ಬಿಡಿಸಿ, ಅಗಲ ಎರಡೂವರೆ ಮಿಲಿಮೀಟರ್, ಉದ್ದವೂ ಅಷ್ಟೇ ಇಡಲು ಹೇಳಿ. ಅಂಚು ಸುತ್ತಿ ಹೊಲಿಯುವ ಓವರ್‌ಲಾಕ್ ಮೆಷಿನ್ ಇದ್ದರೆ ಇನ್ನೂ ಒಳ್ಳೆಯದು. ಸೂಜಿ ಹೊಸೈರಿಗೆಂದೇ ಬರುವ ಬಾಲ್ ಪಾಯಿಂಟ್, 11 ಅಥವಾ 14 ನಂಬರಿನದು. ಚೂಪು ಸೂಜಿ ನೂಲನ್ನು ಕತ್ತರಿಸಿ ಸಣ್ಣ ತೂತು ಬೀಳಿಸುತ್ತದೆ, ಒಗೆದಂತೆ ಆ ತೂತು ಏಣಿಯಾಗಿ ಬಿಚ್ಚಿಕೊಳ್ಳುತ್ತದೆ.

ಬಟ್ಟೆ 95 ಭಾಗ ಕಾಟನ್, 5 ಭಾಗ ಲೈಕ್ರಾ (ಹಿಗ್ಗುವ ನೂಲು) ಇರುವ ಹೊಸೈರಿ, ಚದರ ಮೀಟರಿಗೆ 180 ಗ್ರಾಂ ತೂಕದ್ದು. ಲೈಕ್ರಾ ಇಲ್ಲದ ಬನಿಯನ್ ಬಟ್ಟೆ ಮಧ್ಯಾಹ್ನದ ಹೊತ್ತಿಗೇ ಜೋತು ಬೀಳುತ್ತದೆ. ಬಟ್ಟೆಯ ಪನ್ನೆ (ಅಗಲ) 60 ಇಂಚಿದ್ದರೆ ಅರ್ಧ ಮೀಟರಿನಲ್ಲಿ ಒಂದು ಚಡ್ಡಿ, ಗಸೆಟ್ ಸಮೇತ. ಕತ್ತರಿಸುವ ಮೊದಲು ಒಗೆದು ಒಣಗಿಸಲೇಬೇಕು, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ. ಹೆಚ್ಚು ಹಿಗ್ಗುವ ದಿಕ್ಕು ಮೈಸುತ್ತ ಬರಲಿ. ಸೊಂಟಕ್ಕೆ ಒಂದರಿಂದ ಒಂದೂಕಾಲು ಇಂಚು ಅಗಲದ ಎಲಾಸ್ಟಿಕ್. 32 ಇಂಚಿನ ಸೊಂಟಕ್ಕೆ 28 ಇಂಚು ಸಾಕು. ನಾಲ್ಕು ಕಡೆ ಗುರುತು ಮಾಡಿ, ಸಮನಾಗಿ ಎಳೆದು ಹಚ್ಚಲಿ. ಕಾಲಿನ ಬಾಯಿಗೆ ಎಲಾಸ್ಟಿಕ್ಕೇ ಬೇಡ, ಮುಕ್ಕಾಲು ಇಂಚು ಮಡಚಿ ಜಿಗ್‌ಜಾಗ್ ಹೊಡೆದರೆ ಆಯಿತು.

ನೀವು ಕೇಳದ ಒಂದು ವಿಷಯ, ಮುಟ್ಟಿನ ದಿನಗಳದ್ದು. ಕಾಲಿರುವ ಚಡ್ಡಿಯಲ್ಲಿ ಪ್ಯಾಡಿನ ರೆಕ್ಕೆ ಮಡಚಲು ಅಂಚೇ ಸಿಗುವುದಿಲ್ಲ. ಪ್ಯಾಡು ಸರಿದು ಕಲೆಯಾಗುತ್ತದೆ. ಗಸೆಟ್ಟಿನ ಒಳಪದರವನ್ನು ಮುಂದೆ, ಹಿಂದೆ ಎರಡೇ ಕಡೆ ಹೊಲಿಸಿ, ಎರಡೂ ಪಕ್ಕ ಬಿಡಿಯಾಗಿ ಬಿಡಿಸಿ. ಆ ಬಿಡಿ ಅಂಚುಗಳಿಗೆ ಓವರ್‌ಲಾಕ್ ಹಾಕಿದ್ದರೆ ಸರಿ. ರೆಕ್ಕೆಯನ್ನು ಒಳಪದರದ ಅಡಿಗೆ ಸುತ್ತಿದರೆ ಮಾಮೂಲು ಪ್ಯಾಂಟಿಯಲ್ಲಿದ್ದಷ್ಟೇ ಭದ್ರವಾಗಿ ಕೂರುತ್ತದೆ.

ಎದೆಗೆ ಗಂಡಸರ ಬನಿಯನ್ ಹಾಕಿದರೆ ತೋಳಿನ ಬಾಯಿ ಆಳವಾಗಿ ಪಕ್ಕ ತೆರೆದುಕೊಳ್ಳುತ್ತದೆ, ಆಧಾರವೂ ಇರುವುದಿಲ್ಲ. ತಂತಿ, ಸ್ಪಂಜು ಎರಡೂ ಇಲ್ಲದ, ಮುಂದೆ ಎರಡು ಪದರದ, ಅಗಲ ಪಟ್ಟಿಯ ಕಾಟನ್ ಸ್ಪೋರ್ಟ್ಸ್ ಬ್ರಾ ನೋಡಿ. ಎದೆಯ ಕೆಳಗಿನ ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ತೂರಬೇಕು. ಎದೆ ಚಪ್ಪಟೆ ಕಾಣಲೆಂದು ಕ್ರೇಪ್ ಬ್ಯಾಂಡೇಜ್ ಮಾತ್ರ ಸುತ್ತಬೇಡಿ. ಉಸಿರಾಡಿದಂತೆ ಅದು ಬಿಗಿಯುತ್ತಲೇ ಹೋಗುತ್ತದೆ, ಪಕ್ಕೆಲುಬಿಗೆ ಪೆಟ್ಟಾಗಬಹುದು.

ಅಂಗಿಯ ವಿಷಯದಲ್ಲಿ ನಮ್ಮ ಕಡೆ ಹಿಂಜರಿಕೆಗೆ ಕಾರಣವೇ ಇಲ್ಲ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು ತೋಟಕ್ಕೆ ಹೋಗುವ ಹೆಂಗಸರನ್ನು ಮಲೆನಾಡಿನಲ್ಲಿ ಯಾರೂ ಏನೂ ಕೇಳುವುದಿಲ್ಲ. ಎದೆಯ ಹತ್ತಿರ ಗುಂಡಿಗಳ ನಡುವೆ ಬಾಯಿ ಬಿಡುತ್ತದಾದರೆ ಒಳಬದಿಯಲ್ಲಿ ಒಂದು ಪ್ರೆಸ್ ಬಟನ್ ಹೊಲಿಸಿ. ಕೊನೆಯ ಗುಂಡಿ ಸೀಟಿನಲ್ಲಿ ಬಿಗಿಯುತ್ತದಾದರೆ ಎರಡೂ ಪಕ್ಕದ ಹೊಲಿಗೆಯನ್ನು ಕೆಳಗಿನಿಂದ 5-6 ಇಂಚು ಬಿಚ್ಚಿಸಿ ಸೀಳು ಮಾಡಿಸಿ. ಪ್ಯಾಂಟನ್ನೂ ಸೀಟಿನ ಅಳತೆಗೇ ಕೊಂಡು ಸೊಂಟ ಹಿಡಿಸಿ. ಗಂಡಸರ ಪ್ಯಾಂಟಿನ ಹಿಂದಿನ ನಡುಹೊಲಿಗೆ ಅಳತೆ ತಿದ್ದಲೆಂದೇ ಇರುವುದು, ಒಂದೂವರೆ ಇಂಚಿನವರೆಗೆ ಸಲೀಸಾಗಿ ಹಿಡಿಯಬಹುದು. ಜೇಬು ಆಳವಾಗಿ ಸಿಗುವುದು ಲಾಭ. ಅಂಗಿಗೆ, ಮನೆಯಲ್ಲಿ ತೊಡುವ ಸಡಿಲ ಚಡ್ಡಿಗೆ ಹೆಗ್ಗೋಡಿನ ‘ಚರಕ’ ಮಹಿಳಾ ಸಹಕಾರ ಸಂಘದವರ ಕೈಮಗ್ಗದ ಕಾಟನ್‌ನಂಥ ಬಟ್ಟೆ ಚೆನ್ನ. ನೇಯ್ದ ಬಟ್ಟೆ ಹಿಗ್ಗುವುದಿಲ್ಲವಾದ್ದರಿಂದ ಸೀಟಿಗಿಂತ 4 ಇಂಚು ಹೆಚ್ಚು ಇಟ್ಟು ಕತ್ತರಿಸಬೇಕು.

ಇನ್ನು ಮಳೆಗಾಲ. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಂತಿಯ ಮೇಲಿನ ಕಾಟನ್ ಎರಡು ದಿನವಾದರೂ ಆರುವುದಿಲ್ಲ. ಅರ್ಧ ಆರಿದ್ದನ್ನು ತೊಟ್ಟರೆ ತೊಡೆಸಂದಿಯಲ್ಲಿ ಹುಳುಕಡ್ಡಿ ಏಳುತ್ತದೆ. ಅದಕ್ಕೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತುರಿಕೆ ನಾಲ್ಕು ದಿನ ಅಡಗಿ, ಆಮೇಲೆ ಇನ್ನೂ ಹರಡುತ್ತದೆ. ಡಾಕ್ಟರಿಗೇ ತೋರಿಸಿ. ಎಂಟು-ಹತ್ತು ಚಡ್ಡಿ ಇಟ್ಟುಕೊಳ್ಳಿ. ಹಿಂಡಿದ ಮೇಲೆ ಒಣ ಟವೆಲಿನಲ್ಲಿ ಸುರುಳಿ ಸುತ್ತಿ ತುಳಿದರೆ ಅರ್ಧ ನೀರು ಅಲ್ಲೇ ಹೋಗುತ್ತದೆ. ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕುವುದಾದರೆ ಎತ್ತರದಲ್ಲಿ ಹಾಕಿ, ಬಿಸಿ ಹೆಚ್ಚಾದರೆ ಎಲಾಸ್ಟಿಕ್ ಜೀವ ಕಳೆದುಕೊಳ್ಳುತ್ತದೆ. ಟವೆಲಿನ ಅಡಿ, ಲಂಗದ ಅಡಿ ಮರೆಮಾಡಿ ಒಣಗಿಸುವ ರೂಢಿಯನ್ನು ದಯವಿಟ್ಟು ಬಿಡಿ, ಅದರಡಿ ಗಾಳಿಯೇ ಆಡುವುದಿಲ್ಲ. ಕೊನೆಗೆ ಆರುವುದು ಎರಡು ಪದರದ ಗಸೆಟ್. ತೊಡುವ ಮೊದಲು ಅದನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ತಾಗಿದರೆ ಇನ್ನೂ ಹಸಿ ಇದೆ. ಒಳಗು ಹೊರಗು ಮಾಡಿ, ಎಲಾಸ್ಟಿಕ್ ಬಿಟ್ಟು, ಅಷ್ಟು ಜಾಗಕ್ಕೆ ಇಸ್ತ್ರಿ ಹಾಕಿ ತೊಡಿ.