ಅಡಿಕೆ ಕದ್ದವರು ಯಾರು, ಕಳ್ಳ ಅನ್ನಿಸಿಕೊಂಡವರು ಯಾರು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ. ಅಂಗಳದಲ್ಲಿ ಒಣಹಾಕಿದ್ದ ಎರಡು ಚೀಲದಷ್ಟು ಅಡಿಕೆ ಕಳವಾಯಿತು. ಸುಲಿಯಲು ಬರುವ ಹೆಂಗಸಿನ ಮಗನದೇ ಕೆಲಸ ಅಂತ ಊರಲ್ಲಿ ಮಾತು. ಹಿಂದೊಮ್ಮೆ ಬೈಕ್ ಕಳವಾದಾಗ ಅವನನ್ನು ಸ್ಟೇಷನ್‌ಗೆ ಕರೆಸಿದ್ದರಂತೆ. ಬಡತನ ಇದ್ದಲ್ಲಿ ಕಳ್ಳತನ ಜಾಸ್ತಿ ಅನ್ನುವುದು ನಿಜವೇ ಸರ್?

ಉತ್ತರ: ಬಡತನವೊಂದೇ ಕಾರಣವಾಗಿದ್ದರೆ ನಿಮ್ಮ ಅಂಗಳದಲ್ಲಿ ಒಂದು ಅಡಿಕೆಯೂ ಉಳಿಯುತ್ತಿರಲಿಲ್ಲ. ಕೊಯ್ಲಿನಲ್ಲಿ ನಿಮ್ಮ ಮನೆಗೆ ಬಂದುಹೋಗುವವರಲ್ಲಿ ಬಡವರು ಎಷ್ಟು ಜನ, ಎಣಿಸಿ ನೋಡಿ.

ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1938ರಲ್ಲಿ ಇದನ್ನು ಬೇರೆ ಥರ ನೋಡಿದರು. ದುಡ್ಡು ಮಾಡು, ಮೇಲೆ ಬಾ ಅಂತ ಸಮಾಜ ಎಲ್ಲರಿಗೂ ಹೇಳುತ್ತದೆ. ದಾರಿ ಬಿಡುವುದು ಮಾತ್ರ ಕೆಲವರಿಗೆ. ಆ ಇಕ್ಕಟ್ಟಿನಲ್ಲಿ ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ಹೆಚ್ಚಿನವರು ಸುಮ್ನೆ ದುಡಿದುಕೊಂಡೇ ಇರುತ್ತಾರೆ.

ನಿಮ್ಮ ಅಡಿಕೆಗೆ ಇನ್ನೂ ಹತ್ತಿರದ ವಿವರಣೆ 1979ರಲ್ಲಿ ಅಮೆರಿಕದವರೇ ಆದ ಸಮಾಜಶಾಸ್ತ್ರಜ್ಞರು ಕೋಹೆನ್ ಮತ್ತು ಫೆಲ್ಸನ್ ಕೊಟ್ಟದ್ದು. ಕದಿಯುವ ಮನಸ್ಸು, ಕದಿಯಲು ತಕ್ಕ ಮಾಲು, ಕಾಯುವವರಿಲ್ಲದ ಹೊತ್ತು, ಈ ಮೂರೂ ಕೂಡಿದಾಗ ಕಳವು ಆಗುತ್ತದೆ. ಮಲೆನಾಡಿನ ಒಂಟಿಮನೆ ನೆನಪಿಸಿಕೊಳ್ಳಿ. ಮಕ್ಕಳು ಬೆಂಗಳೂರಲ್ಲಿ, ಮನೆಯಲ್ಲಿ ವಯಸ್ಸಾದ ಇಬ್ಬರು, ಪಕ್ಕದ ಮನೆಗೆ ಕೂಗಿದರೂ ಕೇಳದು. ಅಂಗಳದಲ್ಲಿ ಕ್ವಿಂಟಾಲಿಗೆ ಹತ್ತಾರು ಸಾವಿರ ಬೆಲೆಯ ಮಾಲು. ಅದು ಯಾರ ತೋಟದ್ದು ಅಂತ ಗುರುತು ಹಿಡಿಯುವುದೂ ಕಷ್ಟ. ಕದ್ದದ್ದನ್ನು ಏನೂ ಕೇಳದೆ ಕೊಳ್ಳುವವರೂ ಬೇಕಲ್ವಾ? ಅವರ ಮೇಲೆ ಊರಿಗೆ ಅನುಮಾನವೇ ಬಂದಿಲ್ಲ!

ಹುಡುಗನ ವಿಷಯ. ಒಮ್ಮೆ 'ಕಳ್ಳ' ಅಂತ ಹೆಸರು ಬಿದ್ದರೆ ಕೆಲಸ ಕೊಡುವವರು ಹಿಂಜರಿಯುತ್ತಾರೆ, ಒಳ್ಳೆಯ ಸಂಗ ತಪ್ಪುತ್ತದೆ, ಆ ಹೆಸರೇ ಅವನನ್ನು ಅತ್ತ ತಳ್ಳಬಹುದು. 1963ರಲ್ಲಿ ಸಮಾಜಶಾಸ್ತ್ರಜ್ಞ ಹೋವರ್ಡ್ ಬೆಕರ್ ಬರೆದದ್ದು ಇದನ್ನೇ. ಬ್ರಿಟಿಷರಂತೂ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ ಇಡೀ ಸಮುದಾಯಗಳಿಗೇ ಅಪರಾಧಿಗಳೆಂಬ ಹಣೆಪಟ್ಟಿ ಕಟ್ಟಿದ್ದರು. ಅದು ರದ್ದಾದದ್ದು 1952ರಲ್ಲಿ. ಅನುಮಾನ ಮಾತ್ರ ಇವತ್ತಿಗೂ ಹೋಗಿಲ್ಲ.

ಯಾವುದು ಅಪರಾಧ ಅನ್ನುವುದನ್ನೂ ಬಲವಿದ್ದವರೇ ತೀರ್ಮಾನಿಸುವುದುಂಟು. ಸಾಗರದ ಕಾಗೋಡಿನಲ್ಲಿ ಜಮೀನಿನ ಒಡೆಯರು ಗೇಣಿ ಭತ್ತವನ್ನು, ಅಂದರೆ ಉಳುವವರು ಜಮೀನಿನ ಬಾಡಿಗೆಯಾಗಿ ಕೊಡುವ ಭತ್ತವನ್ನು, ಅಳತೆಗಿಂತ ದೊಡ್ಡ ಕೊಳಗದಲ್ಲಿ (ಕಾಳು ಅಳೆಯುವ ಪಾತ್ರೆಯಲ್ಲಿ) ಅಳೆಸಿಕೊಳ್ಳುತ್ತಿದ್ದರು. ಅದಕ್ಕೆ ಯಾರೂ ಕಳ್ಳತನ ಅನ್ನಲಿಲ್ಲ. 1951ರಲ್ಲಿ ಅದನ್ನು ಪ್ರಶ್ನಿಸಿ ಸತ್ಯಾಗ್ರಹಕ್ಕಿಳಿದ ಗೇಣಿದಾರರು ಜೈಲಿಗೆ ಹೋದರು. ಬೆಂಬಲಕ್ಕೆ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರನ್ನೂ ಬಂಧಿಸಿದರು.

ಅಂದಹಾಗೆ, ಸುಲಿತದ ಕೂಲಿ ಡಬ್ಬದ ಲೆಕ್ಕ ತಾನೆ? ಕೆಲವರು ಅಂಚಿಗೆ ಸಮ ಅಳೆಯುತ್ತಾರೆ, ಕೆಲವರು ಗೋಪುರ ಕಟ್ಟಿ ಅಳೆಯುತ್ತಾರೆ. ಗೋಪುರದ ಅಡಿಕೆಗೆ ಕೂಲಿ ಇಲ್ಲ. ನಿಮ್ಮ ಮನೆಯ ಮಾತಲ್ಲ ಇದು, ನೆನಪಾಯಿತು, ಹೇಳಿದೆ.

ದೂರು ಖಂಡಿತ ಕೊಡಿ. ದಿನ, ತೂಕ, ಯಾವ ಮಾದರಿಯ ಅಡಿಕೆ, ಎಲ್ಲ ಬರೆಯಿರಿ. ಅಡಿಕೆ ಕೊಳ್ಳುವ ಹತ್ತಿರದ ಮಂಡಿಗಳಿಗೂ ತಿಳಿಸಿ. ಕಣ್ಣಾರೆ ಕಂಡಿಲ್ಲ ಅಂದಮೇಲೆ ಹುಡುಗನ ಹೆಸರು ಅದರಲ್ಲಿ ಬೇಡ. ಅವನ ತಾಯಿ ನಾಳೆಯೂ ಸುಲಿಯಲು ನಿಮ್ಮ ಮನೆಗೇ ಬರಬೇಕಲ್ವಾ?