ಮಗಳ ಇಯರ್‌ಫೋನಿನಲ್ಲಿ ಕೇಳಿದ ಹಾಡು

ಪ್ರಿಯ ಓದುಗರೇ,

ಹಾವೇರಿಯಿಂದ ನೀವು ಬರೆದ ನಾಲ್ಕು ಪುಟದ ಪತ್ರ ತಲುಪಿತು. ಹೋದ ತಿಂಗಳ ಸಂಚಿಕೆಯಲ್ಲಿ, ತಾಳಕ್ಕೆ ಮಾತು ಪೋಣಿಸಿ ಹಾಡುವ ಅಮೆರಿಕದ ರ‍್ಯಾಪ್ ಹಾಡುಗಾರ್ತಿಯರ ಬಗ್ಗೆ ಬಂದ ಲೇಖನ ನಿಮಗೆ ಬೇಸರ ತಂದಿದೆ. ಕಾರ್ಡಿ ಬಿ ಮತ್ತು ಮೇಗನ್ ಥೀ ಸ್ಟ್ಯಾಲಿಯನ್ ಹಾಡಿದ, ಹೆಣ್ಣಿನ ಕಾಮದ ಆಸೆಯನ್ನು ಬಿಚ್ಚಿ ಹೇಳುವ 'ವಾಪ್' ಹಾಡನ್ನು ನಾವು ಮೆಚ್ಚಿ ಬರೆದದ್ದು ಸರಿ ಕಂಡಿಲ್ಲ. ಹದಿನಾರು ವರ್ಷದ ಮಗಳ ಇಯರ್‌ಫೋನ್ ತೆಗೆದು ಕಿವಿಗೆ ಹಾಕಿಕೊಂಡಾಗ ಅದೇ ಹಾಡು ಬರುತ್ತಿತ್ತು, ಅದರ ಅರ್ಥ ಹುಡುಕಿ ಓದಿದ ರಾತ್ರಿ ನಿದ್ದೆ ಬರಲಿಲ್ಲ ಎಂದಿದ್ದೀರಿ. 'ಗಂಡಸರು ಹೊಲಸು ಮಾತಾಡಿದರು ಅಂತ ಹೆಂಗಸರೂ ಆಡಿದರೆ ಅದು ಸ್ವಾತಂತ್ರ್ಯವೇ?' ಎಂದು ಕೇಳಿದ್ದೀರಿ. ಎರಡು ಸಾಲು ಬರೆದು ಮುಗಿಸುವ ಪ್ರಶ್ನೆ ಅಲ್ಲ ಇದು. ಪತ್ರ ಬಂದ ದಿನ ಬಾಗಿಲು ಹಾಕಿಕೊಂಡು ಆ ಹಾಡನ್ನು ಮತ್ತೆ ಮೂರು ಸಲ ಕೇಳಿದೆ.

ಮೊದಲೇ ಒಂದು ಮಾತು ಒಪ್ಪುತ್ತೇನೆ. ಅದು ಮಕ್ಕಳ ಹಾಡಲ್ಲ. ಹಾಡಿದವರೂ ಹಾಗೆ ಹೇಳಿಲ್ಲ. ಹಾಡು ಬಂದ ಕೆಲವು ತಿಂಗಳಿಗೆ ಕಾರ್ಡಿ ಬಿ ಮನೆಯಲ್ಲಿ ಅದನ್ನು ಹಾಕಿಕೊಂಡಿದ್ದಾಗ ಎರಡು ವರ್ಷದ ಮಗಳು ಕೋಣೆಯೊಳಗೆ ಬಂದುಬಿಟ್ಟಳು. ಅಮ್ಮ ಗಡಬಡಿಸಿ ಹಾಡು ನಿಲ್ಲಿಸಿದಳು. ಆ ವಿಡಿಯೋ ನೋಡಿದ ಜನ, ಸ್ವಂತ ಮಗಳಿಗೆ ಬೇಡವಾದದ್ದು ಊರ ಮಕ್ಕಳಿಗೆ ಬೇಕಾ ಎಂದು ಬೈದರು. ನಾನು ದೊಡ್ಡವರಿಗಾಗಿ ಹಾಡುವವಳು, ಮಕ್ಕಳು ಏನು ಕೇಳುತ್ತಾರೆ ಅಂತ ನೋಡಿಕೊಳ್ಳಬೇಕಾದವರು ಅಪ್ಪ ಅಮ್ಮ ಎಂದು ಅವಳು ಉತ್ತರ ಕೊಟ್ಟಳು. ಆ ಕೆಲಸವನ್ನೇ ನೀವು ಮಾಡಿದ್ದೀರಿ. ಇಯರ್‌ಫೋನ್ ತೆಗೆದು ಕೇಳಿದ್ದರಲ್ಲಿ ತಪ್ಪೇನಿಲ್ಲ.

ಆದರೆ ನಿಮ್ಮ ಪತ್ರದ ಸಿಟ್ಟು ವಯಸ್ಸಿನ ಬಗ್ಗೆ ಮಾತ್ರ ಇಲ್ಲ ಅಲ್ವಾ? ಹೆಣ್ಣು ಹೀಗೆ ಮಾತಾಡಬಹುದೇ ಅನ್ನುವುದೂ ಅದರಲ್ಲಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

'ವಾಪ್' ಬಂದದ್ದು 2020ರ ಆಗಸ್ಟ್ 7ರಂದು. ಮೊದಲ ವಾರದಲ್ಲೇ ಅಮೆರಿಕದಲ್ಲಿ ಅದು 9.3 ಕೋಟಿ ಸಲ ಸ್ಟ್ರೀಮ್ ಆಯಿತು. ಬಿಲ್‌ಬೋರ್ಡ್ ಎಂಬ ಜನಪ್ರಿಯ ಹಾಡುಗಳ ಪಟ್ಟಿಗೆ ಬಂದದ್ದೇ ಮೊದಲನೇ ಸ್ಥಾನದಲ್ಲಿ. ಬೈಗುಳವೂ ಅಷ್ಟೇ ಬೇಗ ಬಂತು. ಕ್ಯಾಲಿಫೋರ್ನಿಯಾದಲ್ಲಿ ಚುನಾವಣೆಗೆ ನಿಂತಿದ್ದ ಜೇಮ್ಸ್ ಬ್ರಾಡ್ಲಿ ಎಂಬ ರಿಪಬ್ಲಿಕನ್ ಅಭ್ಯರ್ಥಿ, ದೇವರಿಲ್ಲದೆ, ಗಟ್ಟಿ ಅಪ್ಪನಿಲ್ಲದೆ ಬೆಳೆದ ಮಕ್ಕಳು ಹೀಗಾಗುತ್ತಾರೆ ಎಂದರು. ಹಿರಿಯ ರ‍್ಯಾಪ್ ಹಾಡುಗಾರ ಸ್ನೂಪ್ ಡಾಗ್ ಕೂಡ, ಇಷ್ಟು ಬಿಚ್ಚಿ ಹೇಳಬೇಡಿ, ಸ್ವಲ್ಪ ಗುಟ್ಟು ಇರಲಿ ಎಂದ. ತಾನು ಚಿಕ್ಕವನಿದ್ದಿದ್ದರೆ ಹೀಗೆ ಹೇಳುತ್ತಿರಲಿಲ್ಲ ಎಂದೂ ಒಪ್ಪಿಕೊಂಡ. ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು. ಆದರೆ 1990ರ ದಶಕದಲ್ಲಿ ಅವನಿಗೆ ಹೆಸರು ತಂದ ಹಾಡುಗಳಲ್ಲಿ ಹೆಂಗಸನ್ನು ಬೈಗುಳದಿಂದಲೇ ಕರೆಯಲಾಗುತ್ತಿತ್ತು ಅನ್ನುವುದನ್ನು ಮರೆಯಲಾರೆ.

ಗಂಡಸರನ್ನು ಯಾರೂ ಕೇಳಲೇ ಇಲ್ಲ ಅಂತಲ್ಲ. 1990ರಲ್ಲಿ ಫ್ಲಾರಿಡಾದ ನ್ಯಾಯಾಲಯ ಟು ಲೈವ್ ಕ್ರೂ ಎಂಬ ಕಪ್ಪು ಹುಡುಗರ ತಂಡದ ಆಲ್ಬಂ ಒಂದನ್ನು ಅಶ್ಲೀಲ ಎಂದು ತೀರ್ಪು ಕೊಟ್ಟಿತು. ಆ ಆಲ್ಬಂ ಮಾರಿದ ಅಂಗಡಿಯವನನ್ನು ಬಂಧಿಸಿದರು. ವೇದಿಕೆಯಲ್ಲಿ ಹಾಡಿದ್ದಕ್ಕೆ ತಂಡದವರನ್ನೂ ಬಂಧಿಸಿದರು. ತಂಡದವರನ್ನು ಜ್ಯೂರಿ ನಿರ್ದೋಷಿಗಳೆಂದು ಬಿಟ್ಟಿತು, 1992ರಲ್ಲಿ ಮೇಲಿನ ನ್ಯಾಯಾಲಯ ಆಲ್ಬಂ ಅಶ್ಲೀಲ ಎಂದಿದ್ದ ತೀರ್ಪನ್ನೂ ತೆಗೆದುಹಾಕಿತು. ಆಗ ಕಿಂಬರ್ಲೆ ಕ್ರೆನ್ಶಾ ಎಂಬ ಕಪ್ಪು ಕಾನೂನು ಪ್ರಾಧ್ಯಾಪಕಿ ಬರೆದ ಮಾತು ನನಗೆ ಈಗಲೂ ದಾರಿ ತೋರಿಸುತ್ತದೆ. ಈ ಹುಡುಗರನ್ನು ಹಿಡಿದದ್ದರಲ್ಲಿ ಬಣ್ಣದ ದ್ವೇಷವಿದೆ, ಆದರೆ ಅವರ ಹಾಡಿನಲ್ಲಿ ಹೆಣ್ಣಿನ ಮೇಲಿನ ಹಿಂಸೆಯೂ ಇದೆ, ಒಂದಕ್ಕಾಗಿ ಇನ್ನೊಂದನ್ನು ಮುಚ್ಚಿಡುವುದಿಲ್ಲ ಎಂದರು ಅವರು. ಅವರ ಪ್ರಶ್ನೆ ಕೊಳಕು ಪದದ್ದಲ್ಲ. ಆ ಹಾಡಿನಲ್ಲಿ ಹೆಣ್ಣಿಗೆ ಏನಾಗುತ್ತಿದೆ ಅನ್ನುವುದು.

ಅದೇ ಪ್ರಶ್ನೆ ಇಟ್ಟುಕೊಂಡು 'ವಾಪ್' ಕೇಳಿ ನೋಡಿ. ಹಾಡಿನುದ್ದಕ್ಕೂ ಹಿಂದಿನಿಂದ ಒಂದು ಗಂಡು ದನಿ, ಈ ಮನೆ ತುಂಬ ಸೂಳೆಯರೇ ಎನ್ನುವ ಒಂದೇ ಸಾಲನ್ನು ಗಾಣದಂತೆ ತಿರುಗಿಸುತ್ತದೆ. ಅದು 1990ರ ದಶಕದ ಆರಂಭದಲ್ಲಿ ಬಾಲ್ಟಿಮೋರಿನ ಡಿಜೆ ಫ್ರಾಂಕ್ ಸ್ಕಿ ಮಾಡಿದ ಕುಣಿತದ ಹಾಡಿನ ಸಾಲು. ಮೂವತ್ತು ವರ್ಷದ ಹಿಂದಿನ ಆ ಬೈಗುಳದ ಮೇಲೇ ಕೂತು ಇಬ್ಬರು ಹೆಂಗಸರು ತಮ್ಮ ಮಾತು ಹೇಳುತ್ತಾರೆ. ಏನು ಬೇಕು, ಹೇಗೆ ಬೇಕು ಎಂದು ಹೇಳುವವಳು ಇಲ್ಲಿ ಹೆಣ್ಣು. ಅಡುಗೆ ಮಾಡೋದಿಲ್ಲ, ಮನೆ ಗುಡಿಸೋದಿಲ್ಲ, ಆದರೂ ಬೆರಳಿಗೆ ಉಂಗುರ ಬಂತು ಎನ್ನುತ್ತಾಳೆ ಕಾರ್ಡಿ. ಮುತ್ತು ಬೇಕಿದ್ದರೆ ಕಾಲೇಜು ಫೀಸು ಕಟ್ಟು ಎನ್ನುತ್ತಾಳೆ ಮೇಗನ್. ಅವಳು ಆಗ ನಿಜಕ್ಕೂ ಕಾಲೇಜಿನಲ್ಲಿದ್ದಳು. ಹಾಡು, ಪ್ರವಾಸಗಳ ನಡುವೆಯೇ ಓದಿ 2021ರ ಡಿಸೆಂಬರಿನಲ್ಲಿ ಟೆಕ್ಸಾಸ್ ಸದರ್ನ್ ವಿಶ್ವವಿದ್ಯಾಲಯದಿಂದ ಆರೋಗ್ಯ ಆಡಳಿತದಲ್ಲಿ ಪದವಿ ಪಡೆದಳು. ಎಲ್ಲ ಸಾಲೂ ನನಗೆ ಹಿಡಿಸುವುದಿಲ್ಲ. ಆಸೆಯನ್ನೂ ದುಡ್ಡನ್ನೂ ಒಂದೇ ಗಂಟಿಗೆ ಕಟ್ಟುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಆದರೆ ಇಲ್ಲಿ ಯಾರನ್ನೂ ಬಲವಂತ ಮಾಡುತ್ತಿಲ್ಲ, ಯಾರನ್ನೂ ಹೊಡೆಯುತ್ತಿಲ್ಲ. 'ಅವರೂ ಹೊಲಸು, ಇವರೂ ಹೊಲಸು' ಎಂದು ಒಂದೇ ತಕ್ಕಡಿಗೆ ಹಾಕಲು ನನ್ನಿಂದ ಆಗದು.

ಇನ್ನು ನನಗೆ ನಿಜವಾಗಿ ನೋವು ಕೊಟ್ಟ ಸಂಗತಿ ಹೇಳುತ್ತೇನೆ. ನಮ್ಮ ಲೇಖನದಲ್ಲಿ ಇದು ಬಿಟ್ಟುಹೋಗಿತ್ತು, ಅದು ನಮ್ಮ ತಪ್ಪು. ಹಾಡು ಬರುವ ನಾಲ್ಕು ವಾರ ಮುಂಚೆ, 2020ರ ಜುಲೈ 12ರ ಬೆಳಗಿನ ಜಾವ, ಲಾಸ್ ಏಂಜಲೀಸಿನಲ್ಲಿ ಮೇಗನ್ ಕಾಲಿಗೆ ಗುಂಡು ಬಿತ್ತು. ಹಾರಿಸಿದವನು ಟೋರಿ ಲೇನೆಜ್ ಎಂಬ ಹಾಡುಗಾರ. ಮೊದಲು ಅವಳು ಪೊಲೀಸರಿಗೆ ಗಾಜು ತುಳಿದೆ ಎಂದಳು. ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಸತ್ತು ಎರಡು ತಿಂಗಳೂ ಆಗಿರಲಿಲ್ಲ. ಪೊಲೀಸರು ಅಲ್ಲಿದ್ದವರಿಗೆ ಏನು ಮಾಡುತ್ತಾರೋ ಎಂದು ಹೆದರಿದ್ದೆ ಎಂದು ಆಮೇಲೆ ಹೇಳಿದಳು. ಗುಂಡು ಹಾರಿಸಿದವನ ಹೆಸರು ಹೇಳಿದ್ದೇ ತಡ, ಶುರುವಾಯಿತು. ಸುಳ್ಳಿ ಎಂದರು, ನಕ್ಕರು, ಅವಳ ಗಾಯದ ಮೇಲೆ ಜೋಕು ಮಾಡಿದರು. ನ್ಯಾಯಾಲಯದಲ್ಲೂ ಅವಳು ಯಾರ ಜೊತೆ ಇದ್ದಳು ಅನ್ನುವುದೇ ದೊಡ್ಡ ಪ್ರಶ್ನೆಯಾಯಿತು. 2022ರ ಡಿಸೆಂಬರಿನಲ್ಲಿ ಜ್ಯೂರಿ ಅವನನ್ನು ಅಪರಾಧಿ ಎಂದಿತು, ಮುಂದಿನ ಆಗಸ್ಟಿನಲ್ಲಿ ಹತ್ತು ವರ್ಷ ಶಿಕ್ಷೆಯಾಯಿತು. ಆ ಎರಡೂವರೆ ವರ್ಷ ನಡೆದದ್ದನ್ನು ಓದಿದಾಗ ನನಗೆ ಕಾಣುವುದು ಒಂದೇ. ತನ್ನ ಆಸೆಯನ್ನು ಬಾಯಿಬಿಟ್ಟು ಹೇಳಿದ ಹೆಣ್ಣು ತನಗಾದ ನೋವನ್ನು ಹೇಳಿದರೆ ನಂಬುವವರು ಕಡಿಮೆ. 'ಇಂಥ ಹಾಡು ಹಾಡುವವಳಿಗೆ' ಎಂದು ಶುರುವಾಗುವ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ. ನಿಮ್ಮ ಪತ್ರದ ಮೂರನೇ ಪುಟದಲ್ಲಿ 'ಇಂಥವರಿಗೆ ಮರ್ಯಾದೆ ಯಾಕೆ' ಎಂಬ ಸಾಲಿದೆ. ಅದೊಂದನ್ನು ನೀವು ವಾಪಸು ತೆಗೆದುಕೊಳ್ಳಬೇಕು ಎಂದು ಕೈಮುಗಿದು ಕೇಳುತ್ತೇನೆ.

ಇದೆಲ್ಲ ಅಮೆರಿಕದ ಹೊಸ ಹುಚ್ಚು ಎಂದೂ ಬರೆದಿದ್ದೀರಿ. ಅಲ್ಲೇ ಇದು ಹಳೆಯದು. ಅಮೆರಿಕದ ಕಪ್ಪು ಜನರ ಹಳೆಯ ಹಾಡಿನ ಬಗೆಯಾದ ಬ್ಲೂಸ್ ಹಾಡುತ್ತಿದ್ದ ಲೂಸಿಲ್ ಬೋಗನ್ 1935ರಲ್ಲಿ ಧ್ವನಿಮುದ್ರಿಸಿದ ಒಂದು ಹಾಡಿನ ಮುಂದೆ 'ವಾಪ್' ಕೂಡ ಸಪ್ಪೆ. ಅದು ಆಗ ಮಾರುಕಟ್ಟೆಗೇ ಬರಲಿಲ್ಲ. ನಮ್ಮ ಕಡೆಗೂ ಬನ್ನಿ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ನಿಮಗೆ ಗೊತ್ತಿರಬೇಕು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು. ಹದಿನೆಂಟನೇ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿ ರಾಧೆಯ ಆಸೆ, ಸಿಟ್ಟುಗಳ ಬಗ್ಗೆ ತೆಲುಗಿನಲ್ಲಿ ಬರೆದ ಕಾವ್ಯವನ್ನು 1910ರಲ್ಲಿ ಪೂರ್ತಿಯಾಗಿ ಅಚ್ಚು ಹಾಕಿಸಿದ್ದೂ ಇವರೇ. ಅದು ಹೆಂಗಸರು ಕೇಳಬಾರದ ಕಾವ್ಯ, ಹೆಂಗಸಿನ ಬಾಯಿಂದ ಬರಲೇಬಾರದ ಮಾತು ಎಂದು ದೊಡ್ಡ ಸುಧಾರಕ ವೀರೇಶಲಿಂಗಂ ಮೊದಲೇ ಹಳಿದಿದ್ದರು. ನಾಚಿಕೆ ಹೆಂಗಸರಿಗೆ ಮಾತ್ರ ಇರಬೇಕಾದದ್ದೇ, ಗಂಡಸರಿಗೆ ಬೇಡವೇ ಎಂದು ನಾಗರತ್ನಮ್ಮ ತಿರುಗಿ ಕೇಳಿದರು. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ನಿಷೇಧ ಹೋದದ್ದು 1947ರಲ್ಲಿ. ಮುದ್ದುಪಳನಿಯ ಕಾವ್ಯವೂ ಈ ರ‍್ಯಾಪೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆ ಎರಡರ ಮೇಲೂ ಬಿದ್ದ ಬೈಗುಳ ಮಾತ್ರ ಒಂದೇ.

ನಿಮ್ಮ ಪತ್ರದಲ್ಲಿ ನಾನು ಪೂರ್ತಿ ಒಪ್ಪುವ ಒಂದು ಭಾಗ ಇದೆ. 'ಮೈ ತೋರಿಸಿದರೆ ಮಾತ್ರ ದುಡ್ಡು ಬರುವ ಪೇಟೆಯಲ್ಲಿ ಆಯ್ಕೆ ಎಲ್ಲಿದೆ' ಎಂದು ಕೇಳಿದ್ದೀರಿ. ಸರಿಯಾದ ಪ್ರಶ್ನೆ. 2019ರಲ್ಲಿ ಸಂಗೀತ ನಿರ್ಮಾಪಕ ಜರ್ಮೇನ್ ಡುಪ್ರಿ, ಈಗಿನ ಹುಡುಗಿಯರೆಲ್ಲ ಒಂದೇ ವಿಷಯ ಹಾಡುತ್ತಾರೆ ಎಂದು ಗೊಣಗಿದಾಗ ಕಾರ್ಡಿ ಬಿ ಸುಮ್ನೆ ಕೂರಲಿಲ್ಲ. ಬೇರೆ ವಿಷಯ ಹಾಡುವ ರ‍್ಯಾಪ್ಸಡಿ, ಟಿಯೆರಾ ವ್ಯಾಕ್ ಮೊದಲಾದವರ ಹೆಸರು ಹೇಳಿ, ಇವರಿದ್ದಾರಲ್ಲ, ಇವರನ್ನು ಯಾಕೆ ಕೇಳುವುದಿಲ್ಲ ಎಂದಳು. ರ‍್ಯಾಪ್ಸಡಿಯ ಆಲ್ಬಂ 2018ರ ಗ್ರ್ಯಾಮಿ ಸಂಗೀತ ಪ್ರಶಸ್ತಿಗೆ ನಾಮನಿರ್ದೇಶನವಾಗಿತ್ತು. ಹಾಗಿದ್ದೂ ನಿಮ್ಮ ಮಗಳ ಫೋನಿಗೆ ತಾನಾಗಿ ಬಂದ ಹೆಸರು ಅವಳದಲ್ಲ. ಹೋದ ತಿಂಗಳು ನಮ್ಮ ಲೇಖನದಲ್ಲೂ ಅವಳ ಹೆಸರಿರಲಿಲ್ಲ.

ಫೋನ್ ಕಿತ್ತುಕೊಳ್ಳಲೇ ಎಂದು ಕೊನೆಗೆ ಕೇಳಿದ್ದೀರಿ. ಬೇಡ. ಕಿತ್ತುಕೊಂಡರೆ ಅವಳು ಗೆಳತಿಯ ಫೋನಿನಲ್ಲಿ ಕೇಳುತ್ತಾಳೆ, ಆಗ ನಿಮಗೆ ಗೊತ್ತೂ ಆಗುವುದಿಲ್ಲ. ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ, ಸೊಪ್ಪು ಸೋಸುತ್ತಲೋ ಕಾಯಿ ತುರಿಯುತ್ತಲೋ, ಆ ಹಾಡಿನಲ್ಲಿ ನಿನಗೆ ಏನು ಇಷ್ಟ ಎಂದು ಕೇಳಿ. ತಾಳ ಇಷ್ಟ ಅನ್ನಬಹುದು. ಆ ಇಬ್ಬರು ಹೆಂಗಸರು ಯಾರಿಗೂ ಹೆದರುವುದಿಲ್ಲ, ಅದು ಇಷ್ಟ ಅನ್ನಬಹುದು. ಗೊತ್ತಿಲ್ಲ ಎಂದು ಮುಖ ತಿರುಗಿಸಲೂಬಹುದು. ಆಗ ಮೇಗನ್ ಕಾಲಿಗೆ ಬಿದ್ದ ಗುಂಡಿನ ಕಥೆ ಹೇಳಿ. ಅವಳಿಗೆ ಅದು ಆಗಲೇ ಗೊತ್ತಿದ್ದರೂ ಇರಬಹುದು. ಅವಳು ಏನೆಂದಳು ಎಂದು ಬರೆಯಿರಿ. ಅವಳಿಗೆ ಒಪ್ಪಿಗೆಯಿದ್ದರೆ ಹೆಸರು ಹಾಕದೆ ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಅಚ್ಚು ಮಾಡುತ್ತೇನೆ.

— ಸಂಪಾದಕ